ಬಾಂಬ್ ಬಂದರೆ ಬಾಗಿಲು ಕಳಚಿ

ಅಣುಬಾಂಬ್ ಬೀಳುತ್ತದೆ ಅಂತ ಸುದ್ದಿ ಬಂದರೆ ಮೊದಲು ಏನು ಮಾಡಬೇಕು ಗೊತ್ತಾ? ಮನೆಯ ಬಾಗಿಲು ಕಳಚಬೇಕು. ಕಳಚಿ, ಒಳಗೋಡೆಗೆ ಓರೆಯಾಗಿ ಒರಗಿಸಿ, ಅದರ ಮೇಲೆ ಮಣ್ಣು ತುಂಬಿದ ಚೀಲ, ಪುಸ್ತಕ, ಬಟ್ಟೆಗಂಟು ಎಲ್ಲ ಪೇರಿಸಿ, ಸಂಸಾರ ಸಮೇತ ಕೆಳಗೆ ನುಸುಳಿಕೊಳ್ಳಬೇಕು. ಕಿಟಕಿಗೆ ಸುಣ್ಣ ಬಳಿಯಬೇಕು. ಹದಿನಾಲ್ಕು ದಿನಕ್ಕೆ ಊಟ, ನೀರು ಇಟ್ಟುಕೊಳ್ಳಬೇಕು. ಒಳಗಿದ್ದಾಗ ಯಾರಾದರೂ ತೀರಿಕೊಂಡರೆ ಹೆಣವನ್ನು ಪಕ್ಕದ ಕೋಣೆಗೆ ಸಾಗಿಸಿ, ಬಿಗಿಯಾಗಿ ಹೊದಿಸಿ, ಹೆಸರಿನ ಚೀಟಿ ಕಟ್ಟಬೇಕು.

ಇದು ಯಾವುದೋ ಹುಚ್ಚನ ಸಲಹೆ ಅಲ್ಲ. 1980ರಲ್ಲಿ ಬ್ರಿಟಿಷ್ ಸರ್ಕಾರವೇ ಅಚ್ಚು ಹಾಕಿಸಿ 50 ಪೆನ್ಸಿಗೆ ಮಾರಿದ ‘ಪ್ರೊಟೆಕ್ಟ್ ಅಂಡ್ ಸರ್ವೈವ್’ ಅನ್ನುವ ಪುಸ್ತಿಕೆಯಲ್ಲಿ ಇದೆಲ್ಲ ಇದೆ. ಚಿತ್ರಗಳೂ ಇವೆ. ಅಪ್ಪ ಚೀಲ ಹೊರುತ್ತಿರುವ ಚಿತ್ರ ನೋಡಿದರೆ ಗೃಹಪ್ರವೇಶಕ್ಕೆ ತಯಾರಿ ನಡೆದಿದೆ ಅನ್ನಿಸಬೇಕು, ಅಷ್ಟು ಅಚ್ಚುಕಟ್ಟು.

ಓದಿ ಸುಮ್ನೆ ಇರಲಾಗಲಿಲ್ಲ. ಭಾನುವಾರ ಸ್ಕ್ರೂಡ್ರೈವರ್ ಹಿಡಿದು ನಮ್ಮ ಬಚ್ಚಲಮನೆ ಬಾಗಿಲಿಗೆ ಕೈ ಹಾಕಿದೆ. ಹಿಂಜಿನ ಮೇಲೆ ಮೂರು ಸಲ ಬಳಿದ ಪೇಂಟು. ಕೆರೆದು ಕೆರೆದು ಸ್ಕ್ರೂ ಕಾಣಿಸುವ ಹೊತ್ತಿಗೇ ಕಾಫಿ ಆರಿಹೋಗಿತ್ತು. ಮೊದಲ ಹಿಂಜು ಬಿಚ್ಚುವುದಕ್ಕೆ ನಲವತ್ತು ನಿಮಿಷ. ಆ ಕಾಲದ ಬ್ರಿಟನ್ನಿನಲ್ಲಿ ಸೈರನ್ ಕೂಗಿದ ಮೇಲೆ ಬಾಂಬ್ ಬೀಳುವ ತನಕ ಜನರಿಗೆ ಸಿಗುತ್ತಿದ್ದ ಸಮಯ ನಾಲ್ಕು ನಿಮಿಷ ಅಂತ ಲೆಕ್ಕ. ಅಂದರೆ ನಾನು ಒಂದು ಹಿಂಜಿನ ಹತ್ತನೇ ಒಂದು ಭಾಗದಲ್ಲಿ ಬೂದಿಯಾಗಿರುತ್ತಿದ್ದೆ, ಕೈಯಲ್ಲಿ ಸ್ಕ್ರೂಡ್ರೈವರ್ ಸಮೇತ.

ಈ ಪುಸ್ತಿಕೆಗೆ ಒಬ್ಬ ಅಣ್ಣ ಇದ್ದ. 1963ರಲ್ಲಿ ಬಂದದ್ದು, ಬೆಲೆ ಒಂಬತ್ತು ಪೆನ್ಸು. ಅದೂ ಅಣುದಾಳಿಯಿಂದ ಮನೆ ಕಾಪಾಡಿಕೊಳ್ಳುವ ಬಗೆ ಹೇಳುತ್ತಿತ್ತು. ಜನ ಅಷ್ಟಾಗಿ ಕೊಳ್ಳಲಿಲ್ಲ. ಒಂಬತ್ತು ಪೆನ್ಸಿಗೆ ಪ್ರಳಯ ಸೋವಿಯೇ ಆಗಿತ್ತು, ಆದರೂ ವ್ಯಾಪಾರ ಕುದುರಲಿಲ್ಲ.

ಆಗ ಬಿಬಿಸಿಯಲ್ಲಿ ಪೀಟರ್ ವಾಟ್ಕಿನ್ಸ್ ಅನ್ನುವ ತರುಣನಿದ್ದ. ಇನ್ನೂ ಮೂವತ್ತು ತುಂಬಿರಲಿಲ್ಲ. ಸರ್ಕಾರ ಹೇಳಿದ್ದನ್ನೆಲ್ಲ ಈತ ನಿಜ ಅಂತ ನಂಬಿ, ಹಾಗೇ ಮಾಡಿದರೆ ಏನಾಗುತ್ತದೆ ಅಂತ 1965ರಲ್ಲಿ ಒಂದು ಸಿನಿಮಾ ಮಾಡಿಬಿಟ್ಟ. ಹೆಸರು ‘ದ ವಾರ್ ಗೇಮ್’. ಸುಮಾರು ಮುಕ್ಕಾಲು ಗಂಟೆಯ ಕಪ್ಪುಬಿಳುಪು ಚಿತ್ರ. ಕೆಂಟ್ ಪ್ರಾಂತ್ಯದ ಮೇಲೆ ಬಾಂಬ್ ಬೀಳುತ್ತದೆ, ಕ್ಯಾಮೆರಾ ವರದಿಗಾರನ ಹಾಗೆ ಓಡಾಡುತ್ತದೆ. ನಟಿಸಿದವರು ಅಲ್ಲಿನ ಮಾಮೂಲಿ ಜನ. ಏನಾಗುತ್ತದೆ ಅನ್ನುವುದನ್ನು ಆತ ಕನಸಲ್ಲಿ ಕಂಡು ಬರೆದಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದ ಡ್ರೆಸ್ಡನ್, ಹ್ಯಾಂಬರ್ಗ್, ಹಿರೋಶಿಮಾ, ನಾಗಾಸಾಕಿಗಳಲ್ಲಿ ಆಗಿಹೋದದ್ದನ್ನೇ ತಂದು ಕೆಂಟಿನ ಬೀದಿಗೆ ಇಳಿಸಿದ್ದ.

ಒಂದು ದೃಶ್ಯ ನನ್ನ ತಲೆಯಿಂದ ಹೋಗುವುದಿಲ್ಲ. ಒಂದು ಬಕೆಟ್. ಅದರ ತುಂಬ ಮದುವೆ ಉಂಗುರಗಳು. ಸುಟ್ಟ ಹೆಣಗಳನ್ನು ಮುಖ ನೋಡಿ ಗುರುತಿಸಲಾಗುವುದಿಲ್ಲವಲ್ಲ, ಅದಕ್ಕೆ ಉಂಗುರ ಬಿಚ್ಚಿ ಇಟ್ಟುಕೊಂಡಿದ್ದಾರೆ. ನಡುನಡುವೆ ಬೀದಿಯ ಜನರನ್ನು ನಿಲ್ಲಿಸಿ ಕೇಳುತ್ತಾರೆ, ಈ ಬಾಂಬಿನ ವಿಷ ಏನು ಮಾಡುತ್ತದೆ ಗೊತ್ತೇ ಅಂತ. ಗೊತ್ತಿಲ್ಲ. ವೈರಿಗೆ ತಿರುಗಿ ಬಾಂಬ್ ಹಾಕಬೇಕೇ? ಹಾಕಬೇಕು!

ಇನ್ನು ಮುಂದೆ ಕಥೆ ರಂಗೇರುತ್ತದೆ. ಆಗ ಬಿಬಿಸಿಯ ಆಡಳಿತ ಮಂಡಳಿಯ ಅಧ್ಯಕ್ಷರು ಲಾರ್ಡ್ ನಾರ್ಮನ್‌ಬ್ರೂಕ್. ಅದಕ್ಕೆ ಮೊದಲು ಅವರು ಸರ್ಕಾರದ ಸಂಪುಟ ಕಾರ್ಯದರ್ಶಿ. ಅಣುಯುದ್ಧ ಆದರೆ ದೇಶ ನಡೆಸುವುದು ಹೇಗೆ ಅನ್ನುವ ಗುಟ್ಟಿನ ಯೋಜನೆಗಳೆಲ್ಲ ಅವರ ಕೈದಾಟಿಯೇ ಬಂದಿದ್ದವು. ಅವರು ಸಿನಿಮಾ ನೋಡಿದರು. ನೋಡಿ, ತಮ್ಮ ಹಳೆ ಕುರ್ಚಿಯಲ್ಲಿ ಈಗ ಕೂತಿದ್ದ ಸರ್ ಬರ್ಕ್ ಟ್ರೆಂಡ್ ಅವರಿಗೆ ಕಾಗದ ಬರೆದರು: ಇದನ್ನು ಟಿ.ವಿ.ಯಲ್ಲಿ ತೋರಿಸಿದರೆ ನಮ್ಮ ಅಣ್ವಸ್ತ್ರ ನೀತಿಯ ಬಗ್ಗೆ ಜನರ ಮನಸ್ಸು ಬದಲಾಗಬಹುದು, ನೀವೂ ಒಂದು ಸಲ ನೋಡಿ. ಹಳೇ ಶಾನುಭೋಗರು ಹೊಸ ಶಾನುಭೋಗರಿಗೆ ಚೀಟಿ ಕಳಿಸಿದ ಹಾಗೆ.

ಸೆಪ್ಟೆಂಬರಿನಲ್ಲಿ ಖಾಸಗಿ ಪ್ರದರ್ಶನ ಆಯಿತು. ಗೃಹ ಇಲಾಖೆಯವರು ಬಂದರು. ರಕ್ಷಣಾ ಇಲಾಖೆಯವರು ಬಂದರು. ಸೇನೆಯವರು ಬಂದರು. ಅಂಚೆ ಇಲಾಖೆಯವರೂ ಬಂದರು! ಪ್ರಸಾರದ ಉಸ್ತುವಾರಿ ಆಗ ಅವರ ಪಾಲಿಗಿತ್ತು, ಅದಕ್ಕೆ ಬಂದದ್ದು. ಆದರೂ ಪ್ರಪಂಚ ಸುಟ್ಟು ಕರಕಲಾದ ಮೇಲೆ ಮನಿಯಾರ್ಡರ್ ತಲುಪಿಸುವುದು ಹೇಗೆ ಅಂತ ಯೋಚಿಸುತ್ತ ಒಬ್ಬ ಅಧಿಕಾರಿ ಕತ್ತಲಲ್ಲಿ ಕೂತಿದ್ದಾನೆ ಅಂತ ಕಲ್ಪಿಸಿಕೊಂಡರೆ ನನಗೆ ಒಂಥರಾ ಸಮಾಧಾನ.

ನವೆಂಬರಿನಲ್ಲಿ ಬಿಬಿಸಿ ಹೇಳಿಕೆ ಕೊಟ್ಟಿತು. ಈ ಚಿತ್ರ ಟಿ.ವಿ.ಯಲ್ಲಿ ತೋರಿಸಲಾಗದಷ್ಟು ಭಯಾನಕ, ಆದ್ದರಿಂದ ತೋರಿಸುವುದಿಲ್ಲ. ತೀರ್ಮಾನ ನಮ್ಮದೇ, ಹೊರಗಿನಿಂದ ಯಾರೂ ಒತ್ತಡ ಹಾಕಿಲ್ಲ.

ಪಾಪ, ಯಾರೂ ಹಾಕಿಲ್ಲ. ನಮ್ಮ ಶಾಲೆಯಲ್ಲೂ ಮೇಷ್ಟ್ರು ಒತ್ತಡ ಹಾಕುತ್ತಿರಲಿಲ್ಲ. ಬೆತ್ತವನ್ನು ಮೇಜಿನ ಮೇಲೆ ಇಟ್ಟು ಕಿಟಕಿ ಕಡೆ ನೋಡುತ್ತಿದ್ದರು, ಅಷ್ಟೇ. ಮಗ್ಗಿ ತಾನಾಗಿ ಬರುತ್ತಿತ್ತು. ತೋರಿಸದಿದ್ದರೇ ವಾಸಿ ಅಂತ ಸರ್ಕಾರಕ್ಕೆ ಅನ್ನಿಸಿತ್ತು ಅನ್ನುವುದು ಎಷ್ಟೋ ವರ್ಷಗಳ ಮೇಲೆ ಕಡತಗಳಿಂದ ಹೊರಬಿತ್ತು.

‘ಭಯಾನಕ’ ಅನ್ನುವ ಮಾತು ನೋಡಿ. ಬಾಂಬ್ ತಯಾರಿಸಿ ಇಟ್ಟುಕೊಳ್ಳುವುದು ಭಯಾನಕ ಅಲ್ಲ, ಅದು ನೀತಿ. ಹೆಣಕ್ಕೆ ಚೀಟಿ ಕಟ್ಟಿ ಅಂತ ಅಚ್ಚು ಹಾಕಿ ಮಾರುವುದು ಜನಸೇವೆ. ಅದೇ ಹೆಣವನ್ನು ಬಿಟ್ಟಿಯಾಗಿ ಟಿ.ವಿ.ಯಲ್ಲಿ ತೋರಿಸಿದರೆ ಮಾತ್ರ ಜನ ತಡೆದುಕೊಳ್ಳಲಾರರು. 1966ರ ಫೆಬ್ರವರಿಯಲ್ಲಿ ಲಂಡನ್ನಿನ ನ್ಯಾಷನಲ್ ಫಿಲ್ಮ್ ಥಿಯೇಟರಿನಲ್ಲಿ ಎಂಪಿಗಳು, ಪತ್ರಕರ್ತರು, ಇತ್ಯಾದಿ ಆಹ್ವಾನಿತ ಗಟ್ಟಿಗರಿಗೆ ತೋರಿಸಿದರು. ದೊಡ್ಡವರ ಗುಂಡಿಗೆಯೇ ಬೇರೆ ಅಲ್ವಾ.

ಗುಂಡಿಗೆ ಗಟ್ಟಿ ಇರುವುದಕ್ಕೆ ಕಾರಣವೂ ಇತ್ತು ಅನ್ನಿ. ವಿಲ್ಟ್‌ಶೈರಿನ ಕಾರ್ಶಮ್ ಅನ್ನುವ ಊರಿನ ಕೆಳಗೆ, ಹಳೇ ಕಲ್ಲುಗಣಿಯಲ್ಲಿ, ಮಂತ್ರಿಗಳಿಗೂ ಅಧಿಕಾರಿಗಳಿಗೂ ಅಂತ ಒಂದು ಬಂಕರ್ ಕಟ್ಟಿಟ್ಟಿದ್ದರು. 4000 ಜನ ಇರಬಹುದಾದಷ್ಟು ಜಾಗ. ಅಡುಗೆಮನೆ, ಟೆಲಿಫೋನ್ ಎಕ್ಸ್‌ಚೇಂಜ್ ಎಲ್ಲ ಉಂಟು. ಬಿಬಿಸಿಗೆ ಒಂದು ಸ್ಟುಡಿಯೊ ಕೂಡ! ದಶಕಗಳ ಕಾಲ ಇದು ಗುಟ್ಟು. ಅಂದರೆ ಮೇಲೆ ಜನ ಬಾಗಿಲ ಕೆಳಗೆ ಮುದುಡಿ ಕೂತಾಗ, ಕೆಳಗೆ ಬಿಬಿಸಿ ಅವರಿಗೆ ಧೈರ್ಯ ಹೇಳಬೇಕಿತ್ತು. ಬಾಂಬ್ ಬಿದ್ದ ಮೇಲೆ ಮಾತಾಡಲು ಸ್ಟುಡಿಯೊ ಸಿದ್ಧ, ಬೀಳುವ ಮುಂಚೆ ಮಾತಾಡುವುದಕ್ಕೆ ಮಾತ್ರ ಬಾಯಿ ಇಲ್ಲ.

ಚಿತ್ರಕ್ಕೆ 1967ರಲ್ಲಿ ಆಸ್ಕರ್ ಬಂತು. ಅದೂ ಅತ್ಯುತ್ತಮ ಸಾಕ್ಷ್ಯಚಿತ್ರ ಅಂತ. ನಡೆಯದೇ ಇದ್ದ ಯುದ್ಧಕ್ಕೆ ಸಾಕ್ಷ್ಯಚಿತ್ರದ ಬಹುಮಾನ! ಬಿಬಿಸಿ ತಯಾರಿಸಿ, ಬಿಬಿಸಿಯೇ ಬಚ್ಚಿಟ್ಟ ಚಿತ್ರ ಚರ್ಚ್ ಹಾಲುಗಳಲ್ಲಿ, ಶಾಂತಿ ಚಳವಳಿಯವರ ಸಭೆಗಳಲ್ಲಿ ಪ್ರೊಜೆಕ್ಟರ್ ಹೊತ್ತು ಊರೂರು ತಿರುಗಿತು. ವಾಟ್ಕಿನ್ಸ್ ಬೇಸತ್ತು ಬಿಬಿಸಿ ಬಿಟ್ಟರು, ಆಮೇಲೆ ದೇಶವನ್ನೇ ಬಿಟ್ಟರು. ಕೊನೆಗೆ ಬಿಬಿಸಿ ಅದನ್ನು ಪ್ರಸಾರ ಮಾಡಿದ್ದು 1985ರ ಜುಲೈ 31ರಂದು, ಹಿರೋಶಿಮಾಕ್ಕೆ ನಲವತ್ತು ತುಂಬುವ ಹೊತ್ತಿಗೆ. ಇಪ್ಪತ್ತು ವರ್ಷ! 1965ರಲ್ಲಿ ತೊಟ್ಟಿಲಲ್ಲಿದ್ದ ಮಗು ಓಟು ಹಾಕುವಷ್ಟು ಬೆಳೆದಿತ್ತು.

ನಾವು ತುಂಬ ನಗಬೇಕಾಗಿಲ್ಲ. ಆನಂದ್ ಪಟವರ್ಧನ್ ಅವರ ‘ಫಾದರ್, ಸನ್ ಅಂಡ್ ಹೋಲಿ ವಾರ್’ ಸಾಕ್ಷ್ಯಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಕೊಟ್ಟದ್ದೂ ಸರ್ಕಾರವೇ, ಅದನ್ನು ತೋರಿಸಲ್ಲ ಅಂದದ್ದು ಸರ್ಕಾರದ್ದೇ ದೂರದರ್ಶನ. 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು, ತೋರಿಸ್ರಪ್ಪಾ ಅಂತ. ಬಲಗೈ ಹಾರ ಹಾಕಿದರೆ ಎಡಗೈ ಬಾಯಿ ಮುಚ್ಚಿತ್ತು. 2023ರ ಜನವರಿಯಲ್ಲಿ ಗುಜರಾತಿನ 2002ರ ಗಲಭೆಗಳ ಬಗ್ಗೆ ಅದೇ ಬಿಬಿಸಿ ಚಿತ್ರ ಮಾಡಿದಾಗ, ಕೇಂದ್ರ ಸರ್ಕಾರ ತುರ್ತು ಅಧಿಕಾರ ಬಳಸಿ ಯೂಟ್ಯೂಬ್, ಟ್ವಿಟರ್‌ನ ಲಿಂಕುಗಳನ್ನು ತೆಗೆಸಿತು. ದಿಲ್ಲಿಯ ಜೆಎನ್‌ಯುನಲ್ಲಿ ವಿದ್ಯಾರ್ಥಿಗಳು ನೋಡಲು ಕೂತ ಸಂಜೆಯೇ ಕರೆಂಟ್ ಹೋಯಿತು. ಕರೆಂಟ್ ಯಾಕೆ ಹೋಯಿತು ಅಂತ ನಾನು ಹೇಳುವವನಲ್ಲ, ನಮ್ಮ ಬೀದಿಯಲ್ಲಿ ದಿನಾ ಹೋಗುತ್ತದೆ. ಹುಡುಗರು ಮೊಬೈಲಿನಲ್ಲಿ, ಲ್ಯಾಪ್‌ಟಾಪಿನಲ್ಲಿ ನೋಡಿದರು. ತಿರುಗಿ ನೋಡದೆ ಇರುತ್ತಿದ್ದವರೂ ಆಮೇಲೆ ಹುಡುಕಿಕೊಂಡು ನೋಡಿದರು.

‘ವಾರ್ ಗೇಮ್’ ಕೊನೆಯಲ್ಲಿ ಒಂದಷ್ಟು ಮಕ್ಕಳನ್ನು ಕೇಳುತ್ತಾರೆ, ದೊಡ್ಡವರಾದ ಮೇಲೆ ಏನಾಗಬೇಕು ಅಂತ. ಏನೂ ಆಗೋದು ಬೇಡ ಅನ್ನುತ್ತವೆ ಮಕ್ಕಳು. ಅದನ್ನು ನೋಡಿ ಮುಗಿಸಿ ನಾನು ಮಂಕಾಗಿ ಕೂತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಹೆಂಡತಿಯ ದನಿ ಬಂತು.

“ರೀ, ಪ್ರಪಂಚ ಮುಳುಗೋದು ಆಮೇಲೆ ನೋಡೋಣ. ನಾಳೆ ಬೆಳಿಗ್ಗೆ ಅತ್ತೆ ಬರ್ತಾರೆ. ಬಚ್ಚಲಮನೆ ಬಾಗಿಲು ಎಲ್ಲಿ?”

ಅದು ಇನ್ನೂ ನಡುಮನೆ ಗೋಡೆಗೆ ಒರಗಿಕೊಂಡಿತ್ತು.