ಹೊಗಳಿ ಅಟ್ಟಕ್ಕೇರಿಸಿದ ಶಾಂತಿ

ಕೆಲಸಕ್ಕೆ ಬಾರದಂತೆ ಮಾಡಬೇಕಾದವರನ್ನು ಹೊಗಳಿ ಅಟ್ಟಕ್ಕೇರಿಸಿ, ಆಮೇಲೆ ಏಣಿ ತೆಗೆದುಬಿಡುವ ವಿದ್ಯೆ ನಮ್ಮ ಸನ್ಮಾನ ಸಮಿತಿಗಳಿಗೆ ಮಾತ್ರ ಗೊತ್ತೆಂದು ನಾನು ತಿಳಿದಿದ್ದೆ. ಇಟಲಿಯ ಸರ್ವಾಧಿಕಾರಿ ಬೆನಿಟೊ ಮುಸೊಲಿನಿಗೂ ಅದು ಕರತಲಾಮಲಕವಾಗಿತ್ತು.

1928ರ ಆಗಸ್ಟ್ 27ರಂದು ಪ್ಯಾರಿಸ್ಸಿನಲ್ಲಿ 15 ಸರ್ಕಾರಗಳ ಪ್ರತಿನಿಧಿಗಳು ಸೇರಿ, ಯುದ್ಧವನ್ನು ರಾಷ್ಟ್ರನೀತಿಯ ಸಾಧನವಾಗಿ ಬಳಸುವುದನ್ನು ಕೈಬಿಟ್ಟೆವೆಂದು ಅಮೆರಿಕ, ಫ್ರಾನ್ಸ್‌ಗಳ ವಿದೇಶಾಂಗ ಮಂತ್ರಿಗಳ ಹೆಸರು ಹೊತ್ತ ಕೆಲ್ಲಾಗ್–ಬ್ರಿಯಾಂ ಒಪ್ಪಂದಕ್ಕೆ ಸಹಿ ಹಾಕಿದರು. ಅದಕ್ಕೆಂದೇ ಫ್ರಾನ್ಸಿನ ಲ ಹಾವ್ರ್ ನಗರ ಚಿನ್ನದ ಲೇಖನಿಯೊಂದನ್ನು ಕಾಣಿಕೆ ಕೊಟ್ಟಿತ್ತು. (ಭಾರತದ ಪರವಾಗಿಯೂ ಬ್ರಿಟನ್ನಿನ ಲಾರ್ಡ್ ಕುಶೆಂಡನ್ನರೇ ಸಹಿ ಹಾಕಿದರು, ಯುದ್ಧ ಮಾಡುವ ಅಧಿಕಾರವೇ ಇಲ್ಲದವರು ಅದನ್ನು ತ್ಯಾಗ ಮಾಡಿದ್ದು ನಿಜಕ್ಕೂ ದೊಡ್ಡ ಮನಸ್ಸು.) ಮಾತಿಗೆ ತಪ್ಪಿದವನನ್ನು ಹಿಡಿದು ದಂಡಿಸುವ ಏರ್ಪಾಡು ಮಾತ್ರ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಇಟಲಿಯೂ ಸಹಿ ಹಾಕಿತು. ಅದೇ ಡಿಸೆಂಬರಿನಲ್ಲಿ ಮುಸೊಲಿನಿ ತನ್ನ ಸಂಸತ್ತಿನೆದುರು ನಿಂತು, ಈ ಒಪ್ಪಂದ ಭವ್ಯವಾದದ್ದು, ಎಷ್ಟು ಭವ್ಯವೆಂದರೆ ಲೋಕಾತೀತವೆಂದೇ ಕರೆಯಬಹುದು, ನಾಳೆ ಇಂಥವು ಇನ್ನಷ್ಟು ಬಂದರೆ ಅವಕ್ಕೂ ಸಹಿ ಹಾಕುತ್ತೇನೆ ಎಂದು ಕೊಂಡಾಡಿ, ಅದೇ ಉಸಿರಿನಲ್ಲಿ ಜಗತ್ತೆಲ್ಲ ಶಸ್ತ್ರ ಸಜ್ಜುಗೊಳಿಸಿಕೊಳ್ಳುತ್ತಿದೆ ಎಂದು ನೆನಪಿಸಿದ. ಲೋಕಾತೀತವಾದದ್ದು ಲೋಕಕ್ಕೆ ಅನ್ವಯಿಸಬೇಕಾಗಿಲ್ಲವಲ್ಲ! ಇದರಲ್ಲಿ ಅವನನ್ನು ಕಪಟಿಯೆನ್ನುವುದು ಅನ್ಯಾಯ. ಆ ಕಾಗದವನ್ನು ಅವನಷ್ಟು ಸರಿಯಾಗಿ ಓದಿಕೊಂಡವರು ಸಹಿದಾರರಲ್ಲಿಯೇ ಕಡಿಮೆ. ಅಮೆರಿಕದ ಸೆನೆಟ್ಟು 1929ರ ಜನವರಿಯಲ್ಲಿ ಇದನ್ನು 85–1 ಮತಗಳಿಂದ ಅನುಮೋದಿಸಿ, ಮುಂದಿನ ತಿಂಗಳೇ 15 ಹೊಸ ಯುದ್ಧನೌಕೆಗಳಿಗೆ ಒಪ್ಪಿಗೆ ಕೊಟ್ಟಿತು.

1930ರಲ್ಲಿ ಫ್ಲಾರೆನ್ಸ್‌ನಲ್ಲಿ ಮುಸೊಲಿನಿ, ಮಾತುಗಳು ಸುಂದರವೇ ಸರಿ, ಆದರೆ ಬಂದೂಕು, ಮಷೀನ್‌ಗನ್ನು, ಹಡಗು, ವಿಮಾನ, ಫಿರಂಗಿಗಳು ಇನ್ನೂ ಸುಂದರವೆಂದು ಸೌಂದರ್ಯಮೀಮಾಂಸೆ ನಡೆಸಿದ. 1932ರಲ್ಲಿ ಇಟಲಿಯ ವಿಶ್ವಕೋಶದಲ್ಲಿ ಅವನ ಹೆಸರಿನಲ್ಲಿ ಬಂದ ಲೇಖನ, ಮನುಷ್ಯಶಕ್ತಿಯನ್ನು ಪರಾಕಾಷ್ಠೆಗೆ ಒಯ್ಯುವುದು ಯುದ್ಧವೊಂದೇ ಎಂದು ಸಾರಿತು. ಒಪ್ಪಂದ ಆಗಲೂ ಜಾರಿಯಲ್ಲಿತ್ತು. ಯಾರೂ ಸಹಿಯನ್ನು ಹಿಂದಕ್ಕೆ ಕೇಳಲಿಲ್ಲ.

1935ರ ಅಕ್ಟೋಬರ್ 3ರಂದು ಇಟಲಿಯ ಸೇನೆ ಗಡಿಯ ಮಾರೆಬ್ ನದಿ ದಾಟಿ, ಅದೇ ಒಪ್ಪಂದಕ್ಕೆ ಸೇರಿದ್ದ ಇಥಿಯೋಪಿಯಾವನ್ನು ಹೊಕ್ಕಿತು. ಯುದ್ಧವನ್ನು ಘೋಷಿಸಲಿಲ್ಲ, ಬಿಟ್ಟೆವೆಂದು ಸಹಿ ಹಾಕಿದ ಪದಾರ್ಥದ ಹೆಸರೆತ್ತಬಾರದೆಂಬ ಮಡಿಯಿರಬೇಕು. ವರ್ಷ ಮುಗಿಯುವ ಮೊದಲೇ ವಿಮಾನಗಳಿಂದ ಮೈ ಸುಡುವ ಸಾಸಿವೆ ಅನಿಲವೆಂಬ ವಿಷ ಸುರಿಯತೊಡಗಿತು. ವಿಷಾನಿಲ ಬಳಸುವುದಿಲ್ಲವೆಂಬ 1925ರ ಜಿನೀವಾ ಪ್ರೋಟೊಕಾಲಿಗೂ ಇಟಲಿಯ ಒಪ್ಪಿಗೆಯ ಮುದ್ರೆ ಬಿದ್ದದ್ದು ಅದೇ ಭವ್ಯವಾದ 1928ರಲ್ಲಿ. ಅಟ್ಟದಲ್ಲಿ ಅದಕ್ಕೂ ಜಾಗವಿತ್ತು.