ಬಸ್ಸು ಹೋಯ್ತು ಅಂತ ಈಗ ಬಾಯಿ ಬಡಿದುಕೊಳ್ಳುವವರಿಗೆ

ನಿನ್ನೆ ರಾತ್ರಿ ನಮ್ಮೂರ ಸ್ಕೂಲ್ ಬೋರ್ಡಿನ, ಅಂದರೆ ಊರಿನ ಸ್ಕೂಲುಗಳನ್ನು ನಡೆಸೋ ಸಮಿತಿಯ, ಬಜೆಟ್ ಸಭೆಗೆ ಹೋಗಿದ್ದೆ. ನಮ್ಮ ಮಕ್ಕಳ ಸ್ಕೂಲ್ ಬಸ್ಸನ್ನು ತೆಗೆದ ಬಜೆಟ್ಟು ಅದೇ. ಮಿಡಲ್ ಸ್ಕೂಲಿನ ಲೈಬ್ರರಿಯಲ್ಲಿ 60 ಕುರ್ಚಿ ಹಾಕಿದ್ದರು. ಬಂದಿದ್ದವರು 11 ಜನ. ಎರಡು ಸಲ ಎಣಿಸಿದೆ. ಅವರಲ್ಲಿ ಒಬ್ಬ ಹುಡುಗ ಸೈನ್ಸ್ ಫೇರ್ ಬಹುಮಾನ ತಗೊಳ್ಳಲು ಬಂದವನು, ಜೊತೆಗೆ ಅವನ ಅಪ್ಪ ಅಮ್ಮ. ಬಹುಮಾನ ಕೊಟ್ಟರು, ಫೋಟೋ ತೆಗೆದರು, ಮೂವರೂ ಎದ್ದು ಹೋದರು. ಉಳಿದದ್ದು ಎಂಟು. ನನ್ನನ್ನೂ ಸೇರಿಸಿ.

ಅದೇ ಹೊತ್ತಿಗೆ ನಮ್ಮ ಅಪ್ಪ-ಅಮ್ಮಂದಿರ ವಾಟ್ಸಾಪ್ ಗ್ರೂಪಿನಲ್ಲಿ 200ಕ್ಕೂ ಹೆಚ್ಚು ಮೆಸೇಜು ಬಂದು ಬಿದ್ದಿದ್ದವು. ‘ಬಸ್ ತೆಗೆದರಂತೆ, ಅನ್ಯಾಯ.’ ‘ನಮ್ಮ ಟ್ಯಾಕ್ಸ್ ದುಡ್ಡೆಲ್ಲ ಎಲ್ಲಿ ಹೋಗುತ್ತೆ?’ ‘ಎಲ್ಲ ತಿಂದು ಹಾಕ್ತಾರೆ ಬಿಡಿ.’ ಒಬ್ಬರು ಕೆಂಪು ಮುಖದ ಎಮೋಜಿ ಸಾಲಾಗಿ ಹನ್ನೆರಡು ಹಾಕಿದ್ದರು. ಅವರ ಮನೆಯಿಂದ ಆ ಲೈಬ್ರರಿಗೆ ನಡೆದು ಹೋದರೆ ಆರು ನಿಮಿಷ.

ನನ್ನ ಕಥೆ ನಿಮಗೆ ಗೊತ್ತಿರೋದೇ. ನ್ಯೂಜೆರ್ಸಿಗೆ ಬಂದು 14 ವರ್ಷ, ಈ ಮನೆ ತಗೊಂಡು ಒಂಬತ್ತು. ಗೃಹಪ್ರವೇಶದ ದಿನ ಹಾಲುಕ್ಕಿಸಲು ಹೋಗಿ ಸ್ಮೋಕ್ ಅಲಾರ್ಮ್ ಹೊಡೆಸಿದ್ದಕ್ಕೆ ನಿಮ್ಮಲ್ಲಿ ಅರ್ಧ ಜನ ಸಾಕ್ಷಿ. ಈ ಊರಲ್ಲೇ ಯಾಕೆ ತಗೊಂಡ್ವಿ? ಸ್ಕೂಲು ಚೆನ್ನಾಗಿದೆ ಅಂತ. ಮನೆ ನೋಡೋಕೆ ಮುಂಚೆ ಸ್ಕೂಲಿನ ರೇಟಿಂಗ್ ನೋಡಿದ್ವಿ. ಹತ್ತಕ್ಕೆ ಎಂಟಾ, ಒಂಬತ್ತಾ? ಒಂಬತ್ತು ಅಂದಮೇಲೆ ಅಡುಗೆಮನೆ ಚಿಕ್ಕದಾದರೂ ಪರವಾಗಿಲ್ಲ ಅಂದೆ. ಆ ಒಂಬತ್ತನ್ನು ಒಂಬತ್ತಾಗಿ ಇಡೋರು ಯಾರು, ದುಡ್ಡು ಎಲ್ಲಿಂದ ಬರುತ್ತೆ ಅಂತ ಒಂದು ದಿನವಾದರೂ ಕೇಳಿದ್ದೀನಾ? ಇಲ್ಲ.

ನಮ್ಮದು ಪುಟ್ಟ ಸ್ಕೂಲ್ ಡಿಸ್ಟ್ರಿಕ್ಟು (ಜಿಲ್ಲೆ ಅಲ್ಲ, ಒಂದು ಬೋರ್ಡಿನ ವ್ಯಾಪ್ತಿ ಅಷ್ಟೇ). ಮೂರು ಸ್ಕೂಲು, ಎಂಟನೇ ಕ್ಲಾಸಿನವರೆಗೆ. ಹೈಸ್ಕೂಲಿಗೆ ಪಕ್ಕದ ಊರುಗಳ ಜೊತೆ ಸೇರಿ ಬೇರೆಯದೇ ರೀಜನಲ್ ಡಿಸ್ಟ್ರಿಕ್ಟು, ಅದಕ್ಕೆ ಬೇರೆ ಬೋರ್ಡು, ಬೇರೆ ಬಜೆಟ್ಟು. ಮನೆ ತೆರಿಗೆಯ ಬಿಲ್ ತೆಗೆದು ನೋಡಿ, ಸ್ಕೂಲ್ ಅಂತ ಎರಡು ಸಾಲು ಇರುತ್ತೆ. ಎರಡು ಬೋರ್ಡಿಗೆ ದುಡ್ಡು ಕಟ್ತೀವಿ, ಒಂದಕ್ಕೂ ಹೋಗಲ್ಲ. ಈ ರಾಜ್ಯದಲ್ಲಿ ಇಂಥ ಡಿಸ್ಟ್ರಿಕ್ಟುಗಳು ಸುಮಾರು 600 ಇವೆ. ಇನ್ನೊಂದು ತಮಾಷೆ ಕೇಳಿ. ಒಂದೂ ಸ್ಕೂಲು ಇಲ್ಲದ ಸ್ಕೂಲ್ ಡಿಸ್ಟ್ರಿಕ್ಟುಗಳೂ ಇಲ್ಲಿ ಇದ್ದವು. ಬೋರ್ಡು ಇತ್ತು, ಸ್ಕೂಲು ಇರಲಿಲ್ಲ, ಮಕ್ಕಳನ್ನು ಪಕ್ಕದೂರಿಗೆ ಕಳಿಸ್ತಿದ್ದರು. ಅವನ್ನು ಮುಚ್ಚಿಸೋಕೆ 2009ರಲ್ಲಿ ಕಾನೂನೇ ತರಬೇಕಾಯಿತು.

ಈಗ ‘ತಿಂದು ಹಾಕ್ತಾರೆ’ ವಿಷಯಕ್ಕೆ ಬರ್ತೀನಿ. ಅದನ್ನು ಬರೆದವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂದಿದೆ. ಬೋರ್ಡಿನಲ್ಲಿರೋದು ಒಂಬತ್ತು ಜನ. ಊರಿನವರೇ ಆರಿಸಿದವರು, ಮೂರು ವರ್ಷದ ಅವಧಿ, ಪ್ರತಿ ವರ್ಷ ಮೂರು ಸೀಟಿಗೆ ಚುನಾವಣೆ. ಸಂಬಳ ಎಷ್ಟು ಗೊತ್ತಾ? ಸೊನ್ನೆ. ಕೊಡಬಾರದು ಅಂತ ಕಾನೂನೇ ಇದೆ. ನಿನ್ನೆ ಒಬ್ಬರು ಆಫೀಸಿನಿಂದ ನೇರ ಬಂದಿದ್ದರು, ಕುತ್ತಿಗೆಯಲ್ಲಿ ಇನ್ನೂ ಐಡಿ ಕಾರ್ಡ್ ನೇತಾಡ್ತಿತ್ತು. ಮೇಜಿನ ಕೆಳಗೆ ಡಬ್ಬಿ ಇಟ್ಟುಕೊಂಡು ಮಧ್ಯೆ ಮಧ್ಯೆ ಒಂದೊಂದು ದ್ರಾಕ್ಷಿ ಬಾಯಿಗೆ ಹಾಕಿಕೊಳ್ತಿದ್ದರು. ಅವರು ತಿಂದು ಹಾಕಿದ್ದು ಅಷ್ಟೇ. ನಾನೇ ನೋಡಿದ್ದೀನಿ.

ದುಡ್ಡಿನ ಲೆಕ್ಕ ಹೇಳಿದ್ದು ಬಿಸಿನೆಸ್ ಅಡ್ಮಿನಿಸ್ಟ್ರೇಟರ್. ಒಂದು ಗಂಟೆ ಸ್ಲೈಡು. ಅರ್ಧ ನಿದ್ದೆ ಬಂತು, ಸುಳ್ಳು ಹೇಳಲ್ಲ. ಆದರೆ ಎಚ್ಚರ ಇದ್ದಾಗ ಕೇಳಿಸಿಕೊಂಡಷ್ಟಕ್ಕೇ ನನ್ನ ಒಂಬತ್ತು ವರ್ಷದ ಅಜ್ಞಾನ ಬಯಲಾಯಿತು.

ನ್ಯೂಜೆರ್ಸಿಯಲ್ಲಿ ಮನೆ ತೆರಿಗೆಯ ಸರಾಸರಿ 2024ರಲ್ಲಿ 10,000 ಡಾಲರ್ ದಾಟಿತು. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೋಗೋದು ಸ್ಕೂಲಿಗೆ. ಬಿಲ್ ಕಳಿಸೋದು ಟೌನ್‌ಶಿಪ್, ಹಾಗಾಗಿ ಜನ ಮೇಯರನ್ನು ಬೈತಾರೆ. ಪಾಪ, ಆ ಸಾಲು ಅವರ ಕೈಯಲ್ಲೇ ಇಲ್ಲ. ವಸೂಲಿ ಮಾಡಿ ಸ್ಕೂಲಿಗೆ ದಾಟಿಸೋದಷ್ಟೇ ಅವರ ಕೆಲಸ. ನಮ್ಮಂಥ ಊರಿನ ಸ್ಕೂಲು ನಡೆಯೋದು ಮುಖ್ಯವಾಗಿ ಈ ದುಡ್ಡಿನಲ್ಲೇ. ಉಳಿದದ್ದು ರಾಜ್ಯದ ಸಹಾಯ. ಕೇಂದ್ರದ್ದು ಚಿಲ್ಲರೆ. ಕೋವಿಡ್ ಕಾಲದಲ್ಲಿ ಕೊಟ್ಟ ವಿಶೇಷ ದುಡ್ಡಿನ ಗಡುವೂ 2024ರ ಸೆಪ್ಟೆಂಬರಿಗೆ ಮುಗಿಯಿತು.

ರಾಜ್ಯದ ಸಹಾಯಕ್ಕೆ 2008ರ ಒಂದು ಸೂತ್ರ ಇದೆ. ಊರಿನ ಮನೆಗಳ ಬೆಲೆ ಎಷ್ಟು, ಜನರ ಆದಾಯ ಎಷ್ಟು, ಮಕ್ಕಳೆಷ್ಟು ಅಂತ ನೋಡಿ, ನೀವು ಇಷ್ಟು ಹಾಕಿ, ನಾವು ಇಷ್ಟು ಹಾಕ್ತೀವಿ ಅಂತ ಹೇಳೋ ಸೂತ್ರ. ಸೂತ್ರದ ಪ್ರಕಾರ ಕಡಿಮೆ ಬರಬೇಕಾದ ಊರುಗಳಿಗೆ ಒಮ್ಮೆಲೇ ಹೊಡೆತ ಬೀಳದಿರಲಿ ಅಂತ ಆಗ ಬೇರೆ ದುಡ್ಡೂ ಕೊಟ್ಟಿದ್ದರು. 2018ರಲ್ಲಿ ಹೊಸ ಕಾನೂನು ಬಂತು. ಏಳು ವರ್ಷದಲ್ಲಿ ಅದನ್ನು ಸ್ವಲ್ಪ ಸ್ವಲ್ಪವೇ ಕಿತ್ತುಕೊಂಡು, ಕಡಿಮೆ ಸಿಗ್ತಿದ್ದ ಊರುಗಳಿಗೆ ಕೊಟ್ಟರು. ನಮ್ಮೂರಲ್ಲಿ ಮಕ್ಕಳು ಕಡಿಮೆಯಾಗಿದ್ದಾರೆ, ಮನೆ ಬೆಲೆ ಏರಿದೆ. ಆದ್ದರಿಂದ ನಾವು ಕಳಕೊಂಡವರ ಸಾಲಿನಲ್ಲಿ. ಮನೆ ಬೆಲೆ ಏರಿತು ಅಂತ ದೀಪಾವಳಿ ಪಾರ್ಟಿಯಲ್ಲಿ ಕುಣಿದಿದ್ದು ಯಾರು? ನಾವೇ.

ಸರಿ, ಸಹಾಯ ಕಡಿಮೆಯಾದರೆ ತೆರಿಗೆ ಏರಿಸಿ ಅಂತೀರಾ. ಅದಕ್ಕೂ ಬೇಲಿ ಇದೆ. 2010ರಲ್ಲಿ ಮಾಡಿದ ಕಾನೂನು: ಊರಿನಿಂದ ಎತ್ತೋ ಒಟ್ಟು ಸ್ಕೂಲ್ ತೆರಿಗೆಯನ್ನು ಊರಿನವರ ವೋಟಿಲ್ಲದೆ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರಿಸೋ ಹಾಗಿಲ್ಲ. ಇನ್ಶೂರೆನ್ಸು, ಮಕ್ಕಳ ಸಂಖ್ಯೆ ಅಂತ ಒಂದೆರಡು ಸಂದಿ ಬಿಟ್ಟಿದ್ದಾರೆ, ಅಷ್ಟೇ. (ಒಟ್ಟು ತೆರಿಗೆ ಅಂದೆ. ನಿಮ್ಮೊಬ್ಬರ ಬಿಲ್ ಅಲ್ಲ. ‘ನಂದು ಎರಡಕ್ಕಿಂತ ಜಾಸ್ತಿ ಏರಿದೆ’ ಅಂತ ಕಾಮೆಂಟ್ ಹಾಕಬೇಡಿ, ನಿಮ್ಮ ಮನೆಯ ಬೆಲೆಯನ್ನು ಹೊಸದಾಗಿ ಕಟ್ಟಿದ್ದಾರಾ ನೋಡಿ.) ಬಜೆಟ್ಟಿನ ಬಹುಪಾಲು ಟೀಚರ್‌ಗಳ ಸಂಬಳ ಮತ್ತು ಹೆಲ್ತ್ ಇನ್ಶೂರೆನ್ಸ್. ಇನ್ಶೂರೆನ್ಸ್ ಎರಡರ ಲೆಕ್ಕದಲ್ಲಿ ಏರುತ್ತಾ? ನಿಮ್ಮ ಆಫೀಸಿಂದು ಏರಿದೆಯಾ ಹಾಗೆ?

ಆಮೇಲೆ ವಿಶೇಷ ಅಗತ್ಯದ ಮಕ್ಕಳ ಖರ್ಚು. ಕೆಲವು ಮಕ್ಕಳಿಗೆ ಬೇಕಾದ ವ್ಯವಸ್ಥೆ ನಮ್ಮ ಮೂರು ಸ್ಕೂಲಲ್ಲಿ ಇಲ್ಲ. ಅವರನ್ನು ಬೇರೆ ಕಡೆ ಕಳಿಸಬೇಕು, ಡಿಸ್ಟ್ರಿಕ್ಟೇ ಕಟ್ಟಬೇಕು. ಒಂದು ಮಗುವಿಗೆ ವರ್ಷಕ್ಕೆ 1,00,000 ಡಾಲರ್ ದಾಟೋದೂ ಉಂಟು. ಅಂಥ ಎರಡು ಮಕ್ಕಳು ಬೇಸಿಗೆಯಲ್ಲಿ ಊರಿಗೆ ಬಂದರೆ ಪುಟ್ಟ ಡಿಸ್ಟ್ರಿಕ್ಟಿನ ಲೆಕ್ಕವೆಲ್ಲ ಅಲ್ಲಾಡುತ್ತೆ. ಇದಕ್ಕೆ ಮೂಗು ಮುರಿಯೋರು ಯಾರಾದರೂ ಇದ್ದರೆ ನನ್ನ ಫ್ರೆಂಡ್ ಲಿಸ್ಟಿನಿಂದ ಈಗಲೇ ಹೊರಡಿ, ಬಾಗಿಲು ತೆಗೆದೇ ಇದೆ. ಮೂಗು ಮುರಿಯೋದಾದರೆ ವಾಷಿಂಗ್ಟನ್ ಕಡೆ ಮುರಿಯಿರಿ. 1975ರ ಕಾನೂನಿನಲ್ಲಿ ಇಂಥ ಪ್ರತಿ ಮಗುವಿಗೂ ದೇಶದ ಸರಾಸರಿ ಖರ್ಚಿನ ಶೇ. 40ರವರೆಗೆ ಕೊಡ್ತೀವಿ ಅಂದಿದ್ದರು. ಈಗ ಬರ್ತಿರೋದು ಅದರ ಅರ್ಧವೂ ಇಲ್ಲ.

ಇಷ್ಟೆಲ್ಲ ಕಟ್ಟಿ ಉಳಿಯೋ ಚೂರಿನಲ್ಲಿ ಇತ್ತು ನಮ್ಮ ಬಸ್ಸು. ಎಂಟನೇ ಕ್ಲಾಸಿನವರೆಗಿನ ಮಕ್ಕಳ ಮನೆ ಎರಡು ಮೈಲಿಗಿಂತ ದೂರ ಇದ್ದರೆ ಬಸ್ಸು ಕೊಡಲೇಬೇಕು, ಅದು ರಾಜ್ಯದ ಕಾನೂನು. ಅದಕ್ಕಿಂತ ಹತ್ತಿರ ಇದ್ದರೆ ಕೊಡಬೇಕಾಗಿಲ್ಲ. ಕೊಟ್ಟರೆ ಅದು ‘ಕರ್ಟಸಿ ಬಸ್’. ಹೆಸರಲ್ಲೇ ಇದೆ ನೋಡಿ, ಮರ್ಯಾದೆಗೆ ಕೊಡೋದು. ನಮ್ಮ ಮನೆ 1.7 ಮೈಲಿ. ಒಂಬತ್ತು ವರ್ಷ ಮರ್ಯಾದೆಯಲ್ಲೇ ಓಡಾಡಿದ್ದೀವಿ ಅಂತ ನಿನ್ನೆ ಗೊತ್ತಾಯಿತು.

ಈಗ ಮುಖ್ಯ ತಕರಾರಿಗೆ ಬರೋಣ. ಗ್ರೂಪಿನಲ್ಲಿ ಒಬ್ಬ ತಮ್ಮ ಬರೆದ, ‘ಅಕ್ಕ, ನಾವು ಹೋಗಿ ಏನು ಮಾಡೋದು? ಗ್ರೀನ್ ಕಾರ್ಡ್ ಕ್ಯೂನಲ್ಲಿ ಇದ್ದೀವಿ. ತೆರಿಗೆ ಕಟ್ಟೋಕೆ ಬೇಕು, ವೋಟು ಹಾಕೋಕೆ ಬೇಡ.’ ಮಾತು ಸುಳ್ಳಲ್ಲ. ಇಲ್ಲಿ ಬೋರ್ಡಿಗೆ ವೋಟು ಹಾಕಬೇಕಾದರೂ ನಿಲ್ಲಬೇಕಾದರೂ ಸಿಟಿಜನ್ ಆಗಿರಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಕ್ಕಳಿರೋ ಅಪ್ಪ ಅಮ್ಮಂದಿರಿಗೆ ಸಿಟಿಜನ್ ಆಗದಿದ್ದರೂ ಸ್ಕೂಲ್ ಬೋರ್ಡಿಗೆ ವೋಟು ಇದೆ, ಇಲ್ಲಿ ಇಲ್ಲ. ಹೊಟ್ಟೆ ಉರಿಯುತ್ತೆ, ಒಪ್ಪಿದೆ.

ಆದರೆ ತಮ್ಮಾ, ಆ ಮೈಕಿನ ಮುಂದೆ ನಿಲ್ಲೋಕೆ ಯಾರೂ ವೀಸಾ ಕೇಳಲಿಲ್ಲ. ಸಭೆ ಎಲ್ಲರಿಗೂ ತೆರೆದಿರಬೇಕು, ಜನ ಮಾತಾಡೋಕೆ ಸಮಯ ಇಡಬೇಕು ಅಂತ ಈ ರಾಜ್ಯದಲ್ಲಿ ಕಾನೂನಿದೆ. ನನ್ನ ಹೆಸರು ಕೇಳಿದರು, ರಸ್ತೆಯ ಹೆಸರು ಕೇಳಿದರು. ಅಷ್ಟೇ. ಮತ್ತೆ ವೋಟು ಇರೋರೇನು ಕಿಸಿದಿದ್ದಾರೆ? ನನ್ನನ್ನೇ ತಗೊಳ್ಳಿ. ನಾನು ಸಿಟಿಜನ್ ಆಗಿ ಎರಡು ವರ್ಷ. ಕಳೆದ ನವೆಂಬರಿನಲ್ಲಿ ವೋಟು ಹಾಕಿದೆ, ಸ್ಟಿಕ್ಕರ್ ಅಂಟಿಸಿಕೊಂಡು ಸೆಲ್ಫಿ ಹಾಕಿದೆ, ನೀವೆಲ್ಲ ಲೈಕ್ ಒತ್ತಿದಿರಿ. ಸ್ಕೂಲ್ ಬೋರ್ಡಿನ ಕಾಲಂ ಖಾಲಿ ಬಿಟ್ಟು ಬಂದಿದ್ದೆ. ಮೂರು ಸೀಟಿಗೆ ಮೂರೇ ಹೆಸರು ಇತ್ತು, ಯಾರಂತ ಗೊತ್ತಿರಲಿಲ್ಲ. ಇದನ್ನು ಇವತ್ತಿನವರೆಗೆ ಮನೆಯಲ್ಲೂ ಹೇಳಿರಲಿಲ್ಲ.

ಇನ್ನೊಬ್ಬರು, ‘ಎಲ್ಲ ಮೊದಲೇ ತೀರ್ಮಾನ ಆಗಿರುತ್ತೆ, ಸುಮ್ನೆ ನಾಟಕ’ ಅಂದರು. ಹೌದು, ಬಹಳಷ್ಟು ಆಗಿರುತ್ತೆ. ಮೊದಲು ಇಲ್ಲಿ ಪ್ರತಿ ಏಪ್ರಿಲ್ ಊರಿನವರು ಬಜೆಟ್ಟಿಗೇ ವೋಟು ಹಾಕ್ತಿದ್ದರಂತೆ. 2010ರಲ್ಲಿ ರಾಜ್ಯದ ಅರ್ಧಕ್ಕಿಂತ ಜಾಸ್ತಿ ಬಜೆಟ್ಟುಗಳನ್ನು ಜನ ಸೋಲಿಸಿಬಿಟ್ಟರು. 2012ರಲ್ಲಿ ಹೊಸ ಏರ್ಪಾಡು ಬಂತು: ಚುನಾವಣೆಯನ್ನು ನವೆಂಬರಿಗೆ ಹಾಕಿಕೊಳ್ಳಿ, ಏರಿಕೆ ಶೇ. 2ರ ಒಳಗಿದ್ದರೆ ಬಜೆಟ್ಟಿಗೆ ವೋಟು ಬೇಡ. ಹೆಚ್ಚುಕಮ್ಮಿ ಎಲ್ಲ ಊರುಗಳೂ ‘ಆಹಾ’ ಅಂದವು. ಅಂದರೆ ಈಗ ಆ ಸಭೆಯೊಂದೇ ಉಳಿದಿರೋದು. ಉಳಿದಿರೋ ಒಂದೇ ಬಾಗಿಲಿನ ಒಳಗೂ ನಾವು ಹೋಗಲ್ಲ.

ಮತ್ತೆ ನಾಟಕ ಅನ್ನೋರಿಗೆ ಒಂದು ವಿಷಯ. ನನ್ನ ಪಕ್ಕ ಒಬ್ಬ ಅಜ್ಜ ಕೂತಿದ್ದರು, ಎಲ್ಲ ಸಭೆಗೂ ಬರೋರಂತೆ. ಮಕ್ಕಳು ಓದು ಮುಗಿಸಿ ಯಾವ ಕಾಲವಾಯಿತೋ. ಅಜೆಂಡಾದ ಪ್ರಿಂಟ್ ತಂದಿದ್ದರು, ಅದರ ಮೇಲೆ ಪೆನ್ಸಿಲ್ ಗೆರೆ, ಮಡಿಸಿದ ಮೂಲೆ. ಅವರು ಹೇಳಿದ್ದು: ಕಳೆದ ವರ್ಷ ನಾಲ್ಕನೇ ಕ್ಲಾಸಿನ ಬ್ಯಾಂಡ್ ತೆಗೆಯೋಕೆ ಹೊರಟಿದ್ದರಂತೆ. ಮಾರ್ಚ್ ಸಭೆಗೆ ಮಕ್ಕಳ ಕೈಯಲ್ಲಿ ಟ್ರಂಪೆಟ್ ಹಿಡಿಸಿಕೊಂಡು 30 ಜನ ಬಂದು ಕೂತರಂತೆ. ಬ್ಯಾಂಡ್ ಉಳಿಯಿತು. ಆ 30ರಲ್ಲಿ ನಮ್ಮವರು ಎಷ್ಟು ಅಂತ ನಾನು ಕೇಳಲಿಲ್ಲ. ಧೈರ್ಯ ಬರಲಿಲ್ಲ.

ನನಗೆ ಸಿಕ್ಕಿದ್ದು ಮೂರು ನಿಮಿಷ. ಮುಂದೆ ಒಂದು ಟೈಮರ್, ಹಸಿರಾಗಿ ಶುರುವಾಗಿ ಕೆಂಪಾಗುತ್ತೆ. ಕಾಲು ನಡುಗಿತು. ಆಫೀಸಿನಲ್ಲಿ 200 ಜನರ ಮುಂದೆ ಮಾತಾಡೋಳು, ಅಲ್ಲಿ ಬೆರಳೆಣಿಕೆಯ ಜನರ ಮುಂದೆ ತೊದಲಿದೆ. ಬಸ್ಸು ಯಾಕೆ ತೆಗೆದಿರಿ ಅಂತ ಕೇಳಿದೆ. ಸ್ವಲ್ಪ ಜೋರಾಗೇ ಕೇಳಿದೆ ಅನ್ನಿಸುತ್ತೆ. ಬೋರ್ಡಿನ ಅಧ್ಯಕ್ಷೆ ಸಮಾಧಾನವಾಗಿ ಹೇಳಿದರು: ಜನವರಿಯಲ್ಲಿ ಚರ್ಚೆ ಮಾಡಿದ್ದೀವಿ, ಮಾರ್ಚಿನ ಬಜೆಟ್ ಕರಡಿನಲ್ಲಿ ಹಾಕಿದ್ದೀವಿ, ಮನೆಮನೆಗೆ ಮೂರು ಇಮೇಲ್ ಕಳಿಸಿದ್ದೀವಿ. ವಾಪಸ್ ಬಂದು ಕೂತು ಫೋನಿನಲ್ಲಿ ಹುಡುಕಿದೆ. ಮೂರೂ ಇದ್ದವು. ಪಿಜ್ಜಾ ಕೂಪನ್ನು, ಸೀರೆ ಸೇಲು, ಇವುಗಳ ಮಧ್ಯೆ. ಒಂದನ್ನೂ ತೆರೆದಿರಲಿಲ್ಲ.

ಬಜೆಟ್ ಪಾಸಾಯಿತು. ಒಬ್ಬೊಬ್ಬರ ಹೆಸರು ಕೂಗಿದರು, ಒಬ್ಬೊಬ್ಬರೂ ‘ಎಸ್’ ಅಂದರು. ಅರ್ಧ ನಿಮಿಷ ಹಿಡಿಯಲಿಲ್ಲ. ಸೆಪ್ಟೆಂಬರಿಂದ ಬಸ್ಸು ಬೇಕಾದವರು ದುಡ್ಡು ಕಟ್ಟಿ ಸೀಟು ತಗೊಳ್ಳಬೇಕು.

ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅಪ್ಪ ತಿಪಟೂರಿನ ಕಡೆ ಸರ್ಕಾರಿ ಶಾಲೆಯ ಹೆಡ್ಮಾಸ್ಟರಾಗಿ ರಿಟೈರ್ ಆದವರು. ಅವರ ಶಾಲೆಯಲ್ಲಿದ್ದದ್ದು 40 ಮಕ್ಕಳು. ಸಂಬಳ, ಬಿಸಿಯೂಟ ಬಿಟ್ಟು ಶಾಲೆ ನಡೆಸೋಕೆ ಅಂತ ಕೈಗೆ ಬರ್ತಿದ್ದ ಅನುದಾನ ವರ್ಷಕ್ಕೆ 25,000 ರೂಪಾಯಿ. ಸುಣ್ಣವೂ ಅದರಲ್ಲೇ, ಚಾಕ್‌ಪೀಸೂ ಅದರಲ್ಲೇ, ಟಾಯ್ಲೆಟ್ ತೊಳೆಯೋದೂ ಅದರಲ್ಲೇ. ಇಲ್ಲಿ ಒಂದು ಮಗುವಿಗೆ ವರ್ಷಕ್ಕೆ 20,000 ಡಾಲರಿಗೂ ಮೇಲೆ ಖರ್ಚಾಗುತ್ತೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಲೈನ್ ಕಟ್ಟಾಯಿತು ಅಂದುಕೊಂಡೆ.

ಆಮೇಲೆ, ‘ಅಷ್ಟು ದುಡ್ಡಿನ ಲೆಕ್ಕ ಕೇಳೋಕೆ ಎಂಟೇ ಜನವೇನೇ?’ ಅಂದರು.

‘ನಿಮ್ಮ ಎಸ್‌ಡಿಎಂಸಿ ಸಭೆಗೆ, ಅದೇ ಶಾಲಾಭಿವೃದ್ಧಿ ಸಮಿತಿಯದು, ಎಷ್ಟು ಜನ ಬರ್ತಿದ್ದರಪ್ಪ?’

‘ಬರ್ತಾನೇ ಇರಲಿಲ್ಲ. ಕಾನೂನು ಪ್ರಕಾರ ನಾಲ್ಕರಲ್ಲಿ ಮೂರು ಪಾಲು ಅಪ್ಪ ಅಮ್ಮಂದಿರೇ ಇರಬೇಕು, ಅರ್ಧ ಹೆಂಗಸರು. ಹಾಜರಿ ಪುಸ್ತಕ ಹಿಡ್ಕೊಂಡು ಮನೆಮನೆಗೆ ಹೋಗಿ ಸಹಿ ಹಾಕಿಸ್ಕೊಂಡು ಬರೋರು ಬೇಕಾದಷ್ಟು ಮೇಷ್ಟ್ರಿದ್ರು. ನನಗೆ ಅದು ಸರಿ ಬರ್ಲಿಲ್ಲ. ಸಭೆ ದಿನ ನಾನೇ ರವೆ ತಂದ್ಕೊಟ್ಟು ಅಡುಗೆಯವರ ಕೈಲಿ ಉಪ್ಪಿಟ್ಟು ಮಾಡಿಸ್ತಿದ್ದೆ. ಬಂದ್ರು ನೋಡು. ಉಪ್ಪಿಟ್ಟೇ ಕೋರಂ.’

ಮುಂದಿನ ಸಭೆ ಇನ್ನು ಮೂರು ವಾರಕ್ಕೆ, ಮಂಗಳವಾರ, ಸಂಜೆ ಏಳಕ್ಕೆ, ಅದೇ ಲೈಬ್ರರಿ. ಗ್ರೂಪಿನಲ್ಲಿ ಹಾಕಿದ್ದೀನಿ. ಇಲ್ಲಿಯವರೆಗೆ ಬಂದಿರೋದು 14 ಥಂಬ್ಸ್ ಅಪ್, ‘ಬರ್ತೀನಿ’ ಅಂದೋರು ಒಬ್ಬರು. ಉಪ್ಪಿಟ್ಟು ಮಾಡ್ಕೊಂಡು ಹೋಗೋಣ ಅಂತ ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ ಕೇಳಿದೆ. ಲೈಬ್ರರಿ ಒಳಗೆ ಹೊರಗಿನ ತಿಂಡಿ ತರೋ ಹಾಗಿಲ್ಲವಂತೆ, ಬೋರ್ಡಿನ ಪಾಲಿಸಿ. ಬದಲಾಯಿಸಬೇಕಾದರೆ ಸಭೆಗೆ ಬಂದು ಹೇಳಿ ಅಂದರು.