ಲೈಸೆನ್ಸ್ ಇದೆ ಅಂತ ಕೋವಿಗೆ ಕೈ ಹಾಕಬೇಡಿ

ಹೆಬ್ರಿ, ಕಾರ್ಕಳ ಕಡೆಯ ತೋಟದವರಿಗೆ ಇದನ್ನು ಹೇಳಲೇಬೇಕು ಅನ್ನಿಸಿತು. ಹಂದಿ ಕಾಟ ಎಷ್ಟಿದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಗಾಗುವುದರೊಳಗೆ ಗೆಣಸಿನ ಸಾಲು ಪೂರ್ತಿ ಮಗುಚಿ ಬಿದ್ದಿರುತ್ತದೆ, ಬಾಳೆಯ ಬುಡ ಸೀಳಿರುತ್ತದೆ. ಸಿಟ್ಟು ಬಾರದೆ ಇರುತ್ತದಾ? ಆದರೆ ಆ ಸಿಟ್ಟಿನಲ್ಲಿ ಕೆಲವು ಹುಡುಗರು ಯೂಟ್ಯೂಬ್ ನೋಡಿ ಮನೆಯಲ್ಲೇ ಕೋವಿ ಮಾಡುವ, ಇದ್ದ ಕೋವಿಗೆ ಏನಾದರೂ ಜೋಡಿಸುವ ಮಾತಾಡುತ್ತಿದ್ದಾರೆ. ದಯವಿಟ್ಟು ಬೇಡ.

"ಅಪ್ಪನ ಹೆಸರಲ್ಲಿ ಬೆಳೆ ರಕ್ಷಣೆ ಲೈಸೆನ್ಸ್ ಇದೆಯಲ್ಲ, ಮತ್ತೇನು?" ಅಂತ ಕೇಳುತ್ತಾರೆ. ಆ ಲೈಸೆನ್ಸ್ ಪುಸ್ತಕ ಒಮ್ಮೆ ತೆರೆದು ನೋಡಿ. ಒಂಟಿ ನಳಿಗೆಯೋ ಜೋಡಿ ನಳಿಗೆಯೋ, ಕೇಪಿನದ್ದೋ (ನಳಿಗೆ ಬಾಯಿಯಿಂದ ಮದ್ದು ತುಂಬುವಂಥದ್ದು) ತೋಟೆಯದ್ದೋ (ಕಾರ್ಟ್ರಿಜ್ ಹಾಕುವಂಥದ್ದು), ಅದರ ನಂಬರ್ ಏನು, ಎಲ್ಲ ಬರೆದಿರುತ್ತದೆ. ಆ ಒಂದು ಕೋವಿಯನ್ನು ಇಟ್ಟುಕೊಳ್ಳಲು ಮಾತ್ರ ಅದು ಅನುಮತಿ. ಹೊಸದು ಮಾಡಲು ಅಲ್ಲ, ಬದಲಾಯಿಸಲು ಅಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಕೋವಿ ತಯಾರಿಸುವುದಕ್ಕೆ, ಮಾರ್ಪಡಿಸುವುದಕ್ಕೆ, ರಿಪೇರಿ ಮಾಡುವುದಕ್ಕೂ ಬೇರೆಯೇ ಲೈಸೆನ್ಸ್ ಬೇಕು. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು, ಆಟದ ಕೋವಿಯನ್ನು ನಿಜವಾದ ಕೋವಿ ಮಾಡುವುದು 6ನೇ ಕಲಮಿಗೆ ಬರುತ್ತದೆ. 2019ರ ತಿದ್ದುಪಡಿ ಆದ ಮೇಲೆ ಇವಕ್ಕೆ ಕಡಿಮೆ ಎಂದರೂ 7 ವರ್ಷ ಜೈಲು, ಜಾಸ್ತಿ ಎಂದರೆ ಜೀವಾವಧಿ. ಒಂದು ಹಂದಿಗಾಗಿ!

ಸದ್ದು ಕಡಿಮೆ ಮಾಡುವ ಸೈಲೆನ್ಸರ್ ಬಗ್ಗೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅದನ್ನು ಕೋವಿಗೆ ಹಾಕಿದರೆ ಮಾತ್ರ ತಪ್ಪು ಅಂದುಕೊಂಡಿದ್ದಾರೆ. ಕಾಯ್ದೆಯ ಲೆಕ್ಕದಲ್ಲಿ ಸದ್ದು ಅಥವಾ ಬೆಂಕಿಯ ಮಿಂಚು ತಗ್ಗಿಸುವ ಸಾಮಾನು ತಾನೇ ಒಂದು ಕೋವಿ. ಕೋವಿಯ ಬಿಡಿಭಾಗವೂ ಕೋವಿಯೇ, ಅದನ್ನು ತಯಾರಿಸುವ ಯಂತ್ರವೂ ಕೋವಿಯೇ. ಅಂದರೆ ಆನ್‌ಲೈನಲ್ಲಿ ತರಿಸಿ ಕಪಾಟಿನಲ್ಲಿ ಸುಮ್ನೆ ಇಟ್ಟರೂ ಲೈಸೆನ್ಸ್ ಇಲ್ಲದ ಕೋವಿ ಇಟ್ಟ ಹಾಗೆ. ಹೆಗಲಿಗೆ ಹಾಕುವ ಪಟ್ಟಿ, ಚೀಲಕ್ಕೆ ಯಾರೂ ಕೇಳುವುದಿಲ್ಲ ಬಿಡಿ. ಏರ್‌ಗನ್ ಕೂಡ ನಳಿಗೆಯ ತೂತು 0.177 ಇಂಚು ಅಥವಾ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಕೇಳುತ್ತದೆ. ಸ್ಪ್ರಿಂಗ್ ಬದಲಾಯಿಸಿ ಜೋರು ಮಾಡುವವರು ಇದನ್ನು ನೆನಪಿಡಿ.

ನನಗೆ ಜಾಸ್ತಿ ಸಂಕಟ ಆಗುವುದು ಲೇಥ್ ಇಟ್ಟುಕೊಂಡಿರುವ ಹುಡುಗರ ಬಗ್ಗೆ. ನಮ್ಮೂರಿನ ಒಂದು ವರ್ಕ್‌ಶಾಪಿನಲ್ಲಿ ನಾನು ಪಂಪ್‌ಸೆಟ್ಟಿನ ಶಾಫ್ಟ್ ಮಾಡಿಸುತ್ತಾ ನಿಂತಿದ್ದಾಗ ಒಬ್ಬರು ಗೋಣಿಯಲ್ಲಿ ಸುತ್ತಿದ ಹಳೆ ನಳಿಗೆ ತಂದು, "ಇದರ ಬಾಯಿ ಸ್ವಲ್ಪ ಸರಿ ಮಾಡು ಮಾರಾಯಾ" ಅಂದರು. ಒಳಗೆಲ್ಲ ತುಕ್ಕು ತಿಂದು ಪದರ ಎದ್ದಿತ್ತು. ನಮ್ಮ ಕರಾವಳಿಯ ಹವೆಗೆ ಎಣ್ಣೆ ಕಾಣದ ಕಬ್ಬಿಣ ಉಳಿಯುವುದಿಲ್ಲ ಅಲ್ವಾ? ಅಂಥ ನಳಿಗೆ ಈಡು ಹೊಡೆದಾಗ ಹಂದಿಗೆ ತಾಗುವ ಮೊದಲು ಹಿಡಿದವನ ಕೈಯಲ್ಲೇ ಸಿಡಿಯಬಹುದು. ಹುಡುಗ "ಆಗುವುದಿಲ್ಲ ಅಣ್ಣಾ" ಅಂತ ಖಡಾಖಂಡಿತ ಹೇಳಿದ. ಒಪ್ಪಿದ್ದರೆ ಕೊಟ್ಟವರ ಜೊತೆ ಅವನ ಮೇಲೂ ಕೇಸು. ನಾಲ್ಕು ಕಾಸಿನ ಕೆಲಸಕ್ಕೆ ಲೇಥೂ ಹೋಗುತ್ತದೆ, ಹುಡುಗನೂ ಒಳಗೆ ಹೋಗುತ್ತಾನೆ.

ಇನ್ನು ಯಾರಿಗಾದರೂ ಪೆಟ್ಟಾದರೆ? ಬೈಕಿಗಾದರೂ ಮೂರನೆಯವರ ವಿಮೆ ಕಡ್ಡಾಯ. ಕೋವಿಗೆ ಅಂಥದ್ದೇನೂ ಇಲ್ಲ. ಕೋರ್ಟು ಪರಿಹಾರ ಕೊಡಿ ಅಂದರೆ ತೋಟ ಮಾರಿಯೇ ಕೊಡಬೇಕು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ 5 ವರ್ಷದವರೆಗೆ ಶಿಕ್ಷೆ ಇದೆ. ಹಂದಿ ದಾರಿಗೆ ತಂತಿ ಕಟ್ಟಿ ಕೋವಿ ಇಡುವವರಂತೂ ಆ ದಾರಿಯಲ್ಲಿ ಬೆಳಿಗ್ಗೆ ಸೊಪ್ಪಿಗೆ, ತರಗೆಲೆಗೆ ಹೆಂಗಸರು ಹೋಗುತ್ತಾರೆ ಅನ್ನುವುದನ್ನು ಯೋಚಿಸಬೇಕು. ಗೊತ್ತಿದ್ದೂ ಇಟ್ಟದ್ದು ಅಂತಾದರೆ ಕೇಸು ಇನ್ನೂ ದೊಡ್ಡದಾಗುತ್ತದೆ. ಕಾಡುಹಂದಿ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ, ಹಾಗಾಗಿ ಅರಣ್ಯ ಇಲಾಖೆಯ ಕೇಸು ಬೇರೆ.

ಅಜ್ಜನ ಕೋವಿ ಅಟ್ಟದಲ್ಲಿ ಇದ್ದರೆ ಹೆದರಬೇಡಿ, ಬಚ್ಚಿಡಲೂ ಬೇಡಿ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಟ್ಟು, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು.

ಇಷ್ಟೆಲ್ಲ ರೈತರಿಗೇ ಹೇಳಿ ಸುಮ್ಮನಾದರೆ ಅನ್ಯಾಯ. ಚುನಾವಣೆ ಬಂದಾಗ ಕೋವಿ ಠಾಣೆಗೆ ತಂದಿಡಿ ಅಂತ ತಕ್ಷಣ ಹೇಳಿ ಕಳಿಸುತ್ತಾರೆ. ನವೀಕರಣದ ಅರ್ಜಿ ಮಾತ್ರ ಮೇಜಿನಿಂದ ಮೇಜಿಗೆ ಹೋಗುತ್ತಲೇ ಇರುತ್ತದೆ. ಕಾನೂನಿನ ದಾರಿ ಇಷ್ಟು ಉದ್ದ ಆದರೆ ಜನ ಅಡ್ಡದಾರಿ ಹಿಡಿಯುತ್ತಾರೆ. ಪ್ರತಿ ತಾಲೂಕಿನಲ್ಲಿ ವರ್ಷಕ್ಕೊಂದು ದಿನ ನವೀಕರಣ ಶಿಬಿರ ಮಾಡಲಿ. ಲೈಸೆನ್ಸ್ ಇರುವ ರಿಪೇರಿಯವರನ್ನು ಅದೇ ದಿನ ಅಲ್ಲಿಗೆ ಕರೆಸಿ ಹಳೆ ಕೋವಿಗಳನ್ನು ಪರೀಕ್ಷಿಸಲಿ. ಮುಂದಿನ ಗ್ರಾಮಸಭೆಯಲ್ಲಿ ನಾನು ಈ ಬೇಡಿಕೆ ಬರೆದು ಕೊಡುತ್ತೇನೆ. ಸಹಿ ಹಾಕುವವರು ಕಮೆಂಟಿನಲ್ಲಿ ತಿಳಿಸಿ.